ಮಾವನಿಗೆ ತಾಳಮದ್ದಳೆ ಹಾಕಿಕೊಟ್ಟವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಂಬುವವನಲ್ಲ ನಾನು. ಯಾರಾದರೂ “ನಿನ್ನೆ ಮನೆಯಲ್ಲಿ ಯಾರೋ ಕರೆದ ಹಾಗಾಯಿತು” ಎಂದು ಶುರು ಮಾಡಿದರೆ, “ಪಕ್ಕದ ಮನೆಯ ಟಿವಿ ಇರಬೇಕು, ನೋಡಿ” ಎಂದು ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ಬೇಡ ಎನ್ನುವುದಿಲ್ಲ. ಆದರೆ ಇದರಲ್ಲಿ ವಿಚಿತ್ರ ಎನ್ನುವಂಥದ್ದು ಎಷ್ಟಿದೆಯೋ, ನನ್ನ ಮಾನ ಹೋಗುವಂಥದ್ದು ಅದಕ್ಕಿಂತ ಹೆಚ್ಚಿದೆ. ಅದನ್ನು ಬಚ್ಚಿಟ್ಟು ಹೇಳಿದರೆ ಹೇಳಿದ ಹಾಗೇ ಆಗುವುದಿಲ್ಲ.

ನಾವಿರುವುದು ಬೊರಿವಲಿಯಲ್ಲಿ, ಮೂರನೇ ಮಾಳಿಗೆ. ನಾನು, ಹೆಂಡತಿ ಸುನಂದಾ, ಮತ್ತು ನನ್ನ ಮಾವ. ಮಾವ ಎಂದರೆ ನನ್ನ ತಾಯಿಯ ಅಣ್ಣ. ಉಡುಪಿ ಕಡೆಯ ನಮ್ಮಲ್ಲಿ ಸೋದರಮಾವನಿಗೆ ತಂದೆಗಿಂತ ಒಂದು ತೂಕ ಹೆಚ್ಚು. ನನಗೆ ಏಳು ವರ್ಷವಿದ್ದಾಗ ಅಪ್ಪ ತೀರಿಕೊಂಡರು, ಮಾವ ಊರಿಗೆ ಬಂದು ನನ್ನನ್ನೂ ಅಮ್ಮನನ್ನೂ ಮುಂಬಯಿಗೆ ಕರೆದುಕೊಂಡು ಬಂದರು. ಅಮ್ಮ ಈಗಿಲ್ಲ. ಮಾವ ಮದುವೆಯಾಗಲಿಲ್ಲ. ಯಾಕೆಂದು ನಾನು ಯಾವತ್ತೂ ಕೇಳಿದವನಲ್ಲ.

ವಿಕ್ರೋಳಿಯಲ್ಲಿ, ಕಾರ್ಖಾನೆಯ ಗೇಟಿಗೆ ಎದುರಿದ್ದ ಒಂದು ಉಡುಪಿ ಹೋಟೆಲಿನಲ್ಲಿ ಮಾವ ಮೂವತ್ತೆಂಟು ವರ್ಷ ಸಪ್ಲೈಯರ್ ಆಗಿದ್ದರು. ಶಿಫ್ಟ್ ಬಿಟ್ಟ ಹೊತ್ತಿಗೆ ಆ ಹೋಟೆಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ಗಲಾಟೆಯ ನಡುವೆ ಮಾವ ನಿಂತಲ್ಲಿಂದಲೇ “ಏಕ್ ಸಾದಾ, ದೋ ಮೇದುವಡಾ, ತೀನ್ ಕಟಿಂಗ್ ಚಾಯ್!” ಎಂದು ಕೂಗಿದರೆ ಒಳಗೆ ಅಡುಗೆಮನೆಯಿಂದ “ಹಾಂ!” ಎಂದು ಉತ್ತರ ಬರುತ್ತಿತ್ತು. ಚೀಟಿ ಗೀಟಿ ಇಲ್ಲ. ಕೂಗುವುದು ಒಂದೇ ಸಲ. ಒಳಗಿನಿಂದ ಉತ್ತರ ಬರಲಿಲ್ಲವೆಂದರೆ ತಪ್ಪು ಅಡುಗೆಭಟ್ಟರ ಕಿವಿಯದ್ದಲ್ಲ, ಕೂಗಿದವನ ಸ್ವರದ್ದು. ಹಾಗೆ ನಾಲ್ಕು ದಿನ ಆಯಿತೆಂದರೆ ಅಂಥವನನ್ನು ಸಪ್ಲೈಯಿಂದ ತೆಗೆದು ಟೇಬಲ್ ಒರೆಸಲು ಹಾಕುತ್ತಿದ್ದರು. ಕೆಲಸದಿಂದ ತೆಗೆದದ್ದಲ್ಲ, ಆದರೆ ಮುಗಿಯಿತು ಎಂದೇ ಅರ್ಥ. ಮಾವ ನಿವೃತ್ತರಾಗುವ ದಿನದವರೆಗೂ ಕೂಗಿದರು. ಅದು ಅವರಿಗೆ ದೊಡ್ಡ ಹೆಮ್ಮೆ.

ಮಾವನ ಕಣ್ಣಿಗೆ ಪೊರೆ ಬಂದು, ಬೆರಳುಗಳು ಸಂಧಿವಾತಕ್ಕೆ ಸೆಟೆದ ಮೇಲೆ ಟಿವಿಯ ರಿಮೋಟ್ ಅವರ ಕೈಗೆ ಬಗ್ಗದಾಯಿತು. ಒಂದು ಒತ್ತಲು ಹೋಗಿ ಇನ್ನೊಂದು ಒತ್ತಿ, ಯಾವುದೋ ಕೊರಿಯಾದ ಸಿನಿಮಾ ಬಂದು, ಅದನ್ನೇ ಮುಗಿಯುವವರೆಗೆ ನೋಡಿಕೊಂಡು ಕೂತಿರುತ್ತಿದ್ದರು, ಪಾಪ. ಆಗ ನಾನು ಈ ಮಾತು ಕೇಳುವ ಯಂತ್ರ ತಂದೆ. ಸಣ್ಣ ಸ್ಪೀಕರು, ಬಾಯಲ್ಲಿ ಹೇಳಿದರೆ ಹಾಡು ಹಾಕುತ್ತದೆ, ಟಿವಿ ಹಚ್ಚುತ್ತದೆ. ಅದಕ್ಕೇನೋ ಹೆಣ್ಣಿನ ಹೆಸರಿತ್ತು, ಮನೆಯಲ್ಲಿ ನಾವು ಡಬ್ಬಿ ಎನ್ನುತ್ತಿದ್ದೆವು. ಮನೆಯ ಒಬ್ಬೊಬ್ಬರ ದನಿಯನ್ನೂ ಅದಕ್ಕೆ ಕಲಿಸಬೇಕು. ಪಟ್ಟಿಯಲ್ಲಿ ಇಲ್ಲದ ದನಿಗೆ ಉತ್ತರ ಕೊಡದ ಹಾಗೆ ಮಾಡಿಡಬಹುದು. ನಾನು ಹಾಗೆಯೇ ಮಾಡಿಟ್ಟಿದ್ದೆ, ಇಲ್ಲವಾದರೆ ಟಿವಿಯೊಳಗಿನವರ ಮಾತಿಗೂ ಅದು ಎದ್ದು ಕೂರುತ್ತಿತ್ತು.

ಸುಳ್ಳು ಯಾಕೆ, ಮೊದಲ ತಿಂಗಳು ಆ ಡಬ್ಬಿ ಮನೆಯ ದೇವರೇ ಆಯಿತು. ಮಾವನಿಗೆ ಬೇಕಾದದ್ದು ತಾಳಮದ್ದಳೆ. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕೂತು ಅರ್ಥ ಹೇಳುವುದು, ವಾದಕ್ಕೆ ವಾದ. ಡಬ್ಬಿಗೆ ಕನ್ನಡ ಬಾರದು, ತುಳುವಂತೂ ಗೊತ್ತೇ ಇಲ್ಲ. ಮಾವ ಹೋಟೆಲಿನ ಹಿಂದಿಯಲ್ಲೇ ಸುಧಾರಿಸಿದರು: “ಏಕ್ ತಾಳಮದ್ದಳೆ!” ಡಬ್ಬಿ ಒಮ್ಮೊಮ್ಮೆ ಅದರ ಬದಲು ತಬಲಾ ಪಾಠ ಹಾಕುತ್ತಿತ್ತು, ಒಮ್ಮೆ ಮಕ್ಕಳ ಹಾಡು ಹಾಕಿತು. ಮಾವ ಬೇಸರಿಸುತ್ತಿರಲಿಲ್ಲ. “ಹೊಸ ಭಟ್ರು, ಕಲೀತಾರೆ,” ಎಂದು ನಗುತ್ತಿದ್ದರು. ಕಷ್ಟವಾದದ್ದು ನನಗೆ. ಬೆಳಿಗ್ಗೆ ಐದಕ್ಕೇ ಕೂಗು. ಪಕ್ಕದ ಮನೆಯ ಗುಜರಾತಿ ಹೆಂಗಸು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ “ಅಂಕಲ್ ಕೀ ತಬಿಯತ್ ಅಚ್ಛೀ ಹೈ ನಾ?” ಎಂದು ಆರೋಗ್ಯ ವಿಚಾರಿಸತೊಡಗಿದರು.

ಒಂದು ಬುಧವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಂಧೇರಿಯ ಆಫೀಸಿನ ಹತ್ತು ಜನ ಲ್ಯಾಪ್‌ಟಾಪಿನ ಪರದೆಯ ಮೇಲಿದ್ದರು, ನನ್ನ ಮಾತು ನಡೆಯುತ್ತಿತ್ತು. ಹಾಲ್‌ನಿಂದ ಮಾವನ ಸ್ವರ ಬಂತು: “ಏಕ್ ತಾಳಮದ್ದಳೆ! ಜಲ್ದೀ!” ಎಲ್ಲರಿಗೂ ಕೇಳಿಸಿತು. ಒಬ್ಬ, “ಅರೆ, ಘರ್ ಹೈ ಕಿ ಹೋಟೆಲ್?” ಎಂದ. ಬಾಸ್, “ಹಮಾರೇ ಲಿಯೇ ಭೀ ದೋ ಇಡ್ಲಿ ಬೋಲ್ ದೋ,” ಎಂದರು. ಹತ್ತು ಜನವೂ ನಕ್ಕರು. ನಾನೂ ನಕ್ಕೆ. ಆ ಆಫೀಸಿನಲ್ಲಿ ನಾನು ಹದಿನಾರು ವರ್ಷಗಳಿಂದ ‘ನಮ್ಮ ಮಾವನದ್ದು ಹೋಟೆಲ್ ಬಿಸಿನೆಸ್’ ಎಂದು ಹೇಳಿಕೊಂಡು ಬಂದವನು.

ಮೀಟಿಂಗ್ ಮುಗಿದ ಮೇಲೆ ಅಲ್ಲೇ ಕೂತು, ಫೋನಿನಲ್ಲಿ ಡಬ್ಬಿಯ ಪಟ್ಟಿ ತೆರೆದು ಮಾವನ ದನಿಯನ್ನು ತೆಗೆದುಹಾಕಿದೆ. ಎರಡು ಸಲ ಬೆರಳು ಒತ್ತಿದ್ದಷ್ಟೇ.

ಮರುದಿನ ಮಾವ ಕೂಗಿದರು. ಡಬ್ಬಿಯ ದೀಪವೂ ಹತ್ತಲಿಲ್ಲ. ಮತ್ತೆ ಕೂಗಿದರು. ಒಂದೇ ಸಲ ಕೂಗಿ ಗೊತ್ತಿದ್ದ ಮನುಷ್ಯ ನಾಲ್ಕು ಸಲ ಕೂಗಿದ್ದನ್ನು ನಾನು ಹಾಸಿಗೆಯಲ್ಲಿ ಮಲಗಿಯೇ ಕೇಳಿದೆ. ಆಮೇಲೆ ಬಾಗಿಲ ಹತ್ತಿರ ಬಂದು, “ಇದಕ್ಕೆ ಏನಾಯ್ತು ಮಾರಾಯ?” ಎಂದು ಕೇಳಿದರು.

“ಅದಕ್ಕೇನೂ ಆಗಿಲ್ಲ ಮಾವ, ಸರಿ ಉಂಟು. ಪ್ರಾಯ ಆದವರ ಸ್ವರ ನಡುಗ್ತದಲ್ಲ, ಅದಕ್ಕೆ ಹಿಡಿಯುವುದಿಲ್ಲ,” ಎಂದೆ. ಹಾಳಾಗಿದೆ ಎನ್ನಬಹುದಿತ್ತು. ಹಾಗೆಂದರೆ ರಿಪೇರಿ ಮಾಡಿಸು ಎಂದಾರೆಂದು ಹೀಗೆಂದೆ.

“ಹೌದಾ? ಅಷ್ಟು ಬಿದ್ದಿದೆಯಾ ನನ್ನ ಸ್ವರ?” ಎಂದರು.

ಒಂದು ವಾರ ಉಪ್ಪುನೀರು ಮುಕ್ಕಳಿಸಿದರು, ಕಾಳುಮೆಣಸು ಜಗಿದರು, ಗ್ಯಾಲರಿಯಲ್ಲಿ ನಿಂತು ಮೆಲ್ಲಗೆ “ಏಕ್ ಸಾದಾ” ಎಂದು ಹೇಳಿ ನೋಡಿದರು. ಆಮೇಲೆ ಅದೂ ನಿಂತಿತು. ಮಾತೂ ಕಡಿಮೆಯಾಯಿತು, ಆಡಿದರೂ ಪಿಸುಮಾತು, ನೀರು ಬೇಕಾದರೆ ಸನ್ನೆ. ಒಂದು ಭಾನುವಾರ ತಿಂಡಿಯಾದ ಮೇಲೆ ನೋಡುತ್ತೇನೆ, ಮಾವ ಹೆಗಲ ಮೇಲಿನ ಬಟ್ಟೆ ತೆಗೆದು ಊಟದ ಟೇಬಲ್ ಒರೆಸುತ್ತಿದ್ದಾರೆ. ಮಧ್ಯಾಹ್ನವೂ ಒರೆಸಿದರು. ರಾತ್ರಿಯೂ. ಸುನಂದಾ, “ಬಿಡ್ರೀ ಮಾವಾರ, ನಾ ಒರಸ್ತೀನಿ,” ಎಂದರೂ ಕೇಳಲಿಲ್ಲ. ಅವಳು ಧಾರವಾಡದ ಕಡೆಯವಳು, ಅವಳಿಗೆ ಆ ಹೋಟೆಲಿನ ಕ್ರಮ ಗೊತ್ತಿಲ್ಲ. ನನಗೆ ಗೊತ್ತಿತ್ತು.

“ಮಾವಾರು ಯಾಕ ಮಾತಾಡವಲ್ರು? ನೀವೇನರ ಅಂದ್ರೇನು?” ಎಂದು ಅವಳು ರಾತ್ರಿ ಕೇಳಿದಳು. “ಪ್ರಾಯ ಆಯ್ತಲ್ಲ,” ಎಂದೆ. ನಾಳೆ ಸರಿ ಮಾಡುತ್ತೇನೆ ಎಂದುಕೊಂಡೆ. ಹೀಗೆ ನಾಳೆ ನಾಳೆ ಎಂದು ಎರಡು ತಿಂಗಳಾಯಿತು. ಇಷ್ಟು ಹೇಳಿದವನು ಇದನ್ನೂ ಹೇಳಿಬಿಡಬೇಕು: ಬೆಳಗಿನ ಆ ಶಾಂತಿ ನನಗೆ ಹಿತವಾಗಿಯೇ ಇತ್ತು.

ಅದು ನಡೆದದ್ದು ಒಂದು ಶುಕ್ರವಾರ ಸಂಜೆ. ಸುನಂದಾ ಬ್ಯಾಂಕಿನಿಂದ ಬರುವುದು ಎಂಟೂವರೆಗೆ, ಮನೆಯಲ್ಲಿ ಮಾವ ಒಬ್ಬರೇ. ನಾನು ಅಂಧೇರಿಯಲ್ಲಿ ಲೋಕಲ್ ಹತ್ತಿದ್ದೆ, ಗಾಡಿ ಕಾಂದಿವಲಿಯ ಹೊರಗೆ ಇಪ್ಪತ್ತು ನಿಮಿಷ ನಿಂತಿತು. ಕೈ ಎತ್ತಿ ಮೂಗು ಒರೆಸಲೂ ಆಗದಷ್ಟು ಜನ. ಫೋನು ಪ್ಯಾಂಟಿನ ಜೇಬಿನಲ್ಲಿ. ಬೊರಿವಲಿಯಲ್ಲಿ ಇಳಿದು, ಆಟೋ ಹಿಡಿದು ಬಿಲ್ಡಿಂಗ್ ತಲುಪುವಾಗ ಎಂಟಕ್ಕೆ ಹತ್ತು ನಿಮಿಷ.

ಮೂರನೇ ಮಾಳಿಗೆಯಲ್ಲಿ ಲಿಫ್ಟ್ ತೆರೆಯುತ್ತಲೇ ಮದ್ದಳೆಯ ಪೆಟ್ಟು ಕೇಳಿಸಿತು. ಒಳಗೆ ಹೋದೆ. ಮಾವ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದರು. ಡಬ್ಬಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು.

“ಬಂದೆಯಾ? ಹಾಕಿಕೊಟ್ಟು ಪುನಃ ಎಲ್ಲಿಗೆ ಓಡಿದ್ದು?” ಎಂದು ಪಿಸುದನಿಯಲ್ಲಿ ಕೇಳಿದರು ಮಾವ.

ಅವರೇ ಮುಂದುವರಿಸಿದರು. “ಬಾಗಿಲ ಹತ್ತಿರದಿಂದಲೇ ಹೇಳಿ ಹೋದೆಯಲ್ಲ, ತಿರುಗಿ ನೋಡುವಾಗ ಇಲ್ಲ ನೀನು. ನಮ್ಮ ತುಳುವಿನಲ್ಲಿ ಹೇಳಿದೆ ಮಾರಾಯ! ನಿನ್ನ ಬಾಯಲ್ಲಿ ತುಳು ಕೇಳದೆ ಎಷ್ಟು ವರ್ಷ ಆಯ್ತು.” ಸೆಟೆದ ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. “ನೆನಪಿಟ್ಟು ಹಾಕಿದೆಯಲ್ಲ, ಅಷ್ಟು ಸಾಕು ನನಗೆ.”

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, ‘ನಾನಲ್ಲ ಮಾವ’. ನಾನು ಹೇಳಿದ್ದು, “ಹೌದು ಮಾವ, ಕೆಳಗೆ ಹಾಲು ತರಲಿಕ್ಕೆ ಹೋಗಿದ್ದೆ.” ಕೈಯಲ್ಲಿ ಹಾಲಿನ ಪ್ಯಾಕೆಟ್ ಇರಲಿಲ್ಲ. ಅವರಿಗೆ ಕಾಣಿಸಲಿಲ್ಲ.

ಡಬ್ಬಿ ಕೇಳಿಸಿಕೊಂಡ ಮಾತುಗಳೆಲ್ಲ ಫೋನಿನಲ್ಲಿ ಪಟ್ಟಿಯಾಗಿ ಉಳಿಯುತ್ತವೆ, ಒತ್ತಿದರೆ ಆ ದನಿಯನ್ನೂ ಕೇಳಬಹುದು. ಕೋಣೆಯ ಬಾಗಿಲು ಹಾಕಿಕೊಂಡು ತೆರೆದೆ. ಏಳು ಗಂಟೆ ಹನ್ನೆರಡು ನಿಮಿಷ, ಹಾಲ್, ನನ್ನ ಹೆಸರು. ಆ ಹೊತ್ತಿಗೆ ನಾನು ಕಾಂದಿವಲಿಯ ಹೊರಗೆ ಗಾಡಿಯಲ್ಲಿ ನಿಂತಿದ್ದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒತ್ತಿದೆ.

“ತಮ್ಮಲೆಗ್ ತಾಳಮದ್ದಳೆ ಪಾಡ್ಲೆ, ಆರ್ ಕಾತೊಂದುಲ್ಲೆರ್.” ಮಾವನಿಗೆ ತಾಳಮದ್ದಳೆ ಹಾಕಿ, ಅವರು ಕಾಯುತ್ತಿದ್ದಾರೆ.

ನನ್ನ ಸ್ವರ. ಸಂಶಯವೇ ಇಲ್ಲ, ನನ್ನದೇ. ಆದರೆ ನಾನು ಯಾವತ್ತೂ ಹಾಗೆ ಮಾತಾಡುವುದಿಲ್ಲ. ಅವಸರವಿಲ್ಲ, ಕಿರಿಕಿರಿಯಿಲ್ಲ, ಮೆತ್ತಗೆ, ಮರ್ಯಾದೆಯಿಂದ. ಹಿಂದೆ ಮಾವ ಕೆಮ್ಮುವುದೂ ಕೇಳಿಸಿತು. ಹತ್ತು ಸಲ ಕೇಳಿದೆನೋ ಏನೋ.

ನನಗೆ ತೋಚಿದ್ದನ್ನೆಲ್ಲ ನೋಡಿದೆ. ಡಬ್ಬಿ ತಂದ ದಿನದಿಂದ ಪಟ್ಟಿ ಪೂರ್ತಿ ಹುಡುಕಿದೆ, ಅದರ ಜೊತೆ ನಾನು ಒಂದು ಶಬ್ದ ತುಳು ಆಡಿದವನಲ್ಲ. ಮಾವ ನನ್ನ ಸ್ವರ ಅನುಕರಿಸಿದರೆ? ಆಗ ಅವರ ಗಂಟಲಲ್ಲಿ ಪಿಸುಮಾತು ಬಿಟ್ಟು ಬೇರೇನಿರಲಿಲ್ಲ. ಕೆಳಗೆ ವಾಚ್‌ಮನ್‌ನನ್ನು ಕೇಳಿದೆ, “ಸಾಬ್, ಆಪ್ ತೋ ಅಭೀ ಏಕ್ ಹೀ ಬಾರ್ ಆಯೇ,” ಎಂದ, ಬಂದದ್ದು ಈಗೊಂದೇ ಸಲ ಎಂದು. ಸುನಂದಾ ಬಂದ ಮೇಲೆ ಅವಳಿಗೆ ಕೇಳಿಸಿದೆ. “ನಿಮ್ಮ ದನಿನ ಐತಲ್ರಿ. ಮಾವಾರಿಗೆ ಹಾಕಿ ಕೊಟ್ರಿ? ಭಾಳ ಛಲೋ ಆತು,” ಎಂದು ಅವಳು ಅಡುಗೆಮನೆಗೆ ಹೋದಳು. ನಾನಲ್ಲ ಎಂದು ಅವಳಿಗೂ ಹೇಳಲಿಲ್ಲ. ಹೇಳಿದರೆ, ಮಾವನೇ ಯಾಕೆ ಹಾಕಿಕೊಳ್ಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು.

ಆ ದನಿಗಳು ಮೂರು ತಿಂಗಳಿಗೆ ತಾವಾಗಿಯೇ ಅಳಿದುಹೋಗುತ್ತವೆ. ಬೇಕಿದ್ದರೆ ಉಳಿಸಿಕೊಳ್ಳಬಹುದಿತ್ತು, ತಿಳಿದವರಿಗೆ ತೋರಿಸಬಹುದಿತ್ತು. ಅದೇ ಪ್ರಶ್ನೆಗೆ ಹೆದರಿ ಉಳಿಸಲಿಲ್ಲ. ಹಾಗಾಗಿ ಇದಕ್ಕೆ ಸಾಕ್ಷಿ ಏನು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಏನೂ ಇಲ್ಲ.

ಮರುದಿನವೇ ಮಾವನ ದನಿಯನ್ನು ಪಟ್ಟಿಗೆ ಮರಳಿ ಸೇರಿಸಲು ಕೂತೆ. ಅದಕ್ಕೆ ಅವರು ನಾಲ್ಕು ವಾಕ್ಯ ಗಟ್ಟಿಯಾಗಿ ಹೇಳಬೇಕು. “ಬೇಡ ಮಾರಾಯ, ಹೋದ ಸ್ವರ ಹೋಯ್ತು. ನೀನು ಹೇಳಿದರೆ ಕೇಳ್ತದಲ್ಲ, ಸಾಕು,” ಎಂದರು. ನಾನು ಒತ್ತಾಯ ಮಾಡಿದೆ. ಬಾಯಿ ತೆರೆದರು, ಗಾಳಿ ಬಂತು, ಸ್ವರ ಬರಲಿಲ್ಲ. ಡಾಕ್ಟರು ನೋಡಿ ಗಂಟಲಲ್ಲಿ ಏನೂ ದೋಷವಿಲ್ಲ ಎಂದರು. ನಿಜ ಹೇಳಿಬಿಡೋಣವೆಂದು ಮೂರು ಸಲ ಅವರ ಹತ್ತಿರ ಕೂತದ್ದುಂಟು. ಮೂರು ಸಲವೂ ಅವರು ನನ್ನ ಮುಖ ನೋಡಿ ನಕ್ಕರು, ನಾನು ಎದ್ದು ಬಂದೆ.

ಆ ಸಂಜೆ ನಮ್ಮ ಹಾಲ್‌ನಲ್ಲಿ ನಿಂತು ಮಾತಾಡಿದ್ದು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿಯಬೇಕೆಂದು ಈಗಲೂ ಒಮ್ಮೊಮ್ಮೆ ಆಫೀಸಿನಿಂದ ಬಂದು, ಅದೇ ಜಾಗದಲ್ಲಿ ನಿಂತು, ಅದೇ ಮಾತನ್ನು ಅದೇ ತುಳುವಿನಲ್ಲಿ, ಆದಷ್ಟು ಮೆತ್ತಗೆ ಹೇಳಿ ನೋಡುತ್ತೇನೆ. ಡಬ್ಬಿ “ಮಾಫ್ ಕೀಜಿಯೇ, ಮೈಂ ಸಮಝ್ ನಹೀಂ ಪಾಯೀ” ಎನ್ನುತ್ತದೆ, ಅರ್ಥವಾಗಲಿಲ್ಲವೆಂದು. ಕೊನೆಗೆ ಇಂಗ್ಲಿಷಿನಲ್ಲಿ ಹೇಳಿಯೇ ಹಾಕಬೇಕು.

ಮೊನ್ನೆಯೂ ಹಾಗೆಯೇ ನಿಂತಿದ್ದೆ. ಮೂರು ಸಲ ಹೇಳಿದೆ, ಮೂರು ಸಲವೂ ಅದು ಮಾಫಿ ಕೇಳಿತು. ಮಾವ ಕುರ್ಚಿಯಿಂದ ಎದ್ದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು.

“ಬೇಸರ ಮಾಡಬೇಡ,” ಎಂದು ಪಿಸುಗುಟ್ಟಿದರು. “ನಿನಗೂ ಐವತ್ತು ದಾಟಿತಲ್ಲ. ಶುರುಶುರುವಿಗೆ ಸ್ವರಕ್ಕೆ ಹೀಗೇ ಆಗ್ತದೆ. ನಿನ್ನ ತಪ್ಪಲ್ಲ.”

“ಹೌದು ಮಾವ,” ಎಂದೆ.