ಪಾರ್ಕಿನ ಕಪಾಲಭಾತಿ

ಜಯನಗರದ ಪಾರ್ಕುಗಳಲ್ಲಿ ಬೆಳಿಗ್ಗೆ ಹೊತ್ತು ಧಾರಾಳವಾಗಿ ಸಿಗೋದು ಅಂದರೆ ಸಲಹೆ. ರಿಟೈರ್ ಆದ ಗಂಡಸರ ಮಾತಿಗೆ ಮನೆಯಲ್ಲಿ ಯಾರೂ ಕಿವಿಗೊಡಲ್ಲವಲ್ಲ, ಅದಕ್ಕೇ ಟ್ರ್ಯಾಕ್ ಸೂಟ್ ಏರಿಸಿಕೊಂಡು ಬಂದು ಇಲ್ಲಿ ಗುರೂಜಿ ಆಗಿಬಿಡ್ತಾರೆ. ನಮ್ಮ ಬ್ಲಾಕಿನ ಗುರೂಜಿ ಯಾವುದೋ ಕಚೇರಿಯಲ್ಲಿ ಫೈಲು ತಳ್ಳಿಕೊಂಡಿದ್ದವರು. ಮಂಡಿನೋವಿಗೂ ಸಕ್ಕರೆ ಕಾಯಿಲೆಗೂ ಅವರ ಹತ್ತಿರ ಒಂದೇ ಮದ್ದು, ಕಪಾಲಭಾತಿ. ಹೊಟ್ಟೆ ಒಳಗೆಳೆದು ಫುಸ್ ಫುಸ್ ಅಂತ ಉಸಿರು ಹೊರಗೆ ತಳ್ಳೋದು. ಸಾಲಾಗಿ ಕೂತು ಅಷ್ಟೂ ಜನ ಪ್ರೆಶರ್ ಕುಕ್ಕರ್ ಥರ ಬುಸುಗುಡೋದನ್ನ ನೋಡಬೇಕು, ಕರ್ಮ.

ನಮ್ಮನೆಯವರ ಕಾಯಿಲೆ ಗೊತ್ತಾಗಿದ್ದು ಊಟದ ತಟ್ಟೆ ಮುಂದೆ. ಸಾರನ್ನ ಕಲಸುತ್ತಿದ್ದ ಬಲಗೈ ಇದ್ದಕ್ಕಿದ್ದಂತೆ ನಿಂತುಬಿಡ್ತು. ಸ್ವಲ್ಪ ಹೊತ್ತಿಗೆ ಸರಿಹೋಯ್ತು. "ಏನಿಲ್ಲ ಬಿಡೇ, ಜೋಮು" ಅಂದರು. ನಾನು ಬಿಡಲಿಲ್ಲ, ಆಸ್ಪತ್ರೆಗೆ ಎಳಕೊಂಡು ಹೋದೆ. ಸ್ಕ್ಯಾನ್ ನೋಡಿದ ಡಾಕ್ಟರು ಮೋಯಾಮೋಯಾ ಅಂದರು. ಅಪರೂಪದ ಕಾಯಿಲೆಯಂತೆ. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಕಿರಿದಾಗುತ್ತಾ ಬರುತ್ತವೆ, ಪಕ್ಕದಲ್ಲಿ ಹುಟ್ಟಿಕೊಳ್ಳೋ ಎಳೆ ನಾಳಗಳಿಗೆ ತಾಕತ್ತಿರಲ್ಲ. ಯಾವಾಗ ಬೇಕಾದರೂ ಸ್ಟ್ರೋಕ್ ಹೊಡೆಯಬಹುದು. "ಆಪರೇಷನ್ ಮಾಡಿ ತಲೆ ಚರ್ಮದ ಒಂದು ನಾಳವನ್ನ ಮೆದುಳಿನ ನಾಳಕ್ಕೆ ಜೋಡಿಸ್ತೀವಿ. ಅಲ್ಲೀವರೆಗೆ ನೀರು ಚೆನ್ನಾಗಿ ಕುಡೀರಿ. ಜೋರಾಗಿ, ಬೇಗ ಬೇಗ ಉಸಿರಾಡೋ ಯಾವ ಕೆಲಸವೂ ಬೇಡ. ನಾಳ ಇನ್ನೂ ಕುಗ್ಗುತ್ತೆ" ಅಂತ ಬಿಡಿಸಿ ಹೇಳಿದರು.

ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡೋ ಮನುಷ್ಯ ನಮ್ಮನೆಯವರು. ತಲೆಬುರುಡೆ ತೆಗೀತಾರೆ ಅನ್ನೋ ಭಯಕ್ಕೆ ಓದಿದ್ದೆಲ್ಲ ಮಣ್ಣುಪಾಲಾಯ್ತು. ಸ್ಕ್ಯಾನ್ ಹಿಡಕೊಂಡು ಸೀದಾ ಪಾರ್ಕಿನ ಗುರೂಜಿ ಹತ್ತಿರ ನಡೆದರು. ಆ ಮಹಾನುಭಾವರು ಫಿಲ್ಮನ್ನ ಬಿಸಿಲಿಗೆ ಎತ್ತಿ ನೋಡಿ, "ಬ್ಲಾಕೇಜ್ ಅಷ್ಟೇ ಕಣ್ರೀ. ಗಾಳಿ ಹೊಡೆದರೆ ಕ್ಲಿಯರ್ ಆಗುತ್ತೆ" ಅಂದರು. ಇವರ ಮನೆ ಮೋರಿ ಕಟ್ಟಿಕೊಂಡಿದೆ ನೋಡಿ, ಗಾಳಿ ಹೊಡೆಯೋಕೆ!

"ರೀ, ಡಾಕ್ಟರು ಬೇಡ ಅಂದಿದ್ದೇ ಅದನ್ನ" ಅಂತ ಬಾಯಿ ಬಡಕೊಂಡೆ. "ನಿನಗೆ ಎಲ್ಲದರಲ್ಲೂ ಅನುಮಾನ" ಅಂದರು. ಆಪರೇಷನ್ ಮುಂದಕ್ಕೆ ಹಾಕಿಸಿ ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗತೊಡಗಿದರು.

ಒಂದು ದಿನ ತಡೆಯೋಕಾಗದೆ ನಾನೂ ಹಿಂದೆ ಹೋದೆ. ಮೊದಲನೇ ಸಾಲಿನಲ್ಲಿ ಇವರು, ಕಣ್ಣುಮುಚ್ಚಿ ಫುಸ್ ಫುಸ್. ನೋಡನೋಡುತ್ತಲೇ ಬಲಗೈ ಮಂಡಿಯಿಂದ ಜಾರಿತು. ಬಾಯಿ ಒಂದು ಕಡೆಗೆ ವಾಲಿತು. ಏನೋ ಹೇಳಹೋದರು, ಬರೀ ತೊದಲು.

"ಯಾರೂ ಮುಟ್ಟಬೇಡಿ! ಒಳಗಿನ ವಿಷ ಹೊರಗೆ ಬರ್ತಿದೆ" ಅಂತ ಗುರೂಜಿ ಕೂಗಿದರು.

ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ಇಂಜಿನಿಯರ್ ಆಗಿದ್ದವರು, ಒಬ್ಬರು ಹೆಡ್‌ಮೇಡಂ ಕೂಡ. ಥೂ, ಇವರ ಜನ್ಮಕ್ಕಿಷ್ಟು! ಜಮಖಾನ ತುಳಿದುಕೊಂಡು ಒಳಗೆ ನುಗ್ಗಿ ನನ್ನ ಗಂಡನ್ನ ತಬ್ಬಿ ಹಿಡಿದೆ. ಆಟೋ ಹಿಡಿದು ಆಸ್ಪತ್ರೆ ಮುಟ್ಟಿಸೋವರೆಗೂ ನನ್ನ ಜೀವ ಜೀವದಲ್ಲಿರಲಿಲ್ಲ.

ಸ್ಟ್ರೋಕ್ ಹೊಡೆದಿತ್ತು. ಆಮೇಲೆ ಆಪರೇಷನ್ ಆಯ್ತು, ಜೀವ ಉಳೀತು. ಆದರೆ ಬಲಗೈ ಬಿದ್ದುಹೋಯ್ತು, ಮಾತೂ ಹೋಯ್ತು. ಥೆರಪಿಸ್ಟ್ ಚಿತ್ರ ತೋರಿಸಿ ಕೇಳಿದರೆ 'ಲೋಟ' ಅನ್ನೋದಕ್ಕೂ ಇವರು ಬೆವರುತ್ತಿದ್ದರು. ನನ್ನ ಹೆಸರು ಹೇಳಿಸೋಕೆ ನಾನು ದಿನಾ ಪಕ್ಕದಲ್ಲಿ ಕೂತಿರುತ್ತಿದ್ದೆ. ತುಟಿ ಅಲ್ಲಾಡೋದು, ಕಣ್ಣಲ್ಲಿ ನೀರು ಬರೋದು, ಅಷ್ಟೇ.

ಒಂದು ಸಂಜೆ ಗುರೂಜಿ ಎಳನೀರು ಹಿಡಕೊಂಡು ಮನೆಗೆ ಬಂದರು. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ. "ಏನಮ್ಮಾ, ಇವರು ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿರಲಿಲ್ಲ ಅನ್ಸುತ್ತೆ. ಅದಕ್ಕೇ ಹೀಗಾಗಿದ್ದು" ಅಂದರು. ಮೈಯೆಲ್ಲ ಉರಿದುಹೋಯ್ತು. ಎದ್ದು ಹೋಗಿ ಬಾಗಿಲು ತೆಗೆದು ನಿಂತೆ.

ಹಿಂದಿನಿಂದ ಮಂಚ ಕಿರುಗುಟ್ಟಿತು. ಇವರು ಎಡಗೈಯಿಂದ ಬಲಗೈ ಎತ್ತಿ ಜೋಡಿಸುತ್ತಿದ್ದರು. ತುಟಿ ಅಲ್ಲಾಡಿತು. "ಗುರೂಜಿ" ಅಂದರು, ಒಂದಕ್ಷರವೂ ತಪ್ಪದೆ.

ನನ್ನ ಹೆಸರು ಇವತ್ತಿಗೂ ಬಂದಿಲ್ಲ.