ಖಾಲಿಯಕ್ಕ ಮತ್ತು ಬಿಟ್ಟುಹೋದ ಸಾಮಾನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂಲೆಮನೆಯ ಬಾಗಿಲಿನಿಂದ ಬಟ್ಟೆ ಬೀರುವೊಂದು ತಾನಾಗಿಯೇ ನಡೆದು ಬರುತ್ತಿದೆ. ಹತ್ತಿರ ಹೋಗಿ ನೋಡಿದರೆ ಅದರ ಹಿಂದೆ ಖಾಲಿಯಕ್ಕ ಇದ್ದಾರೆ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಎಂದು ಬೀರುವಿಗೆ ಹೆಜ್ಜೆ ಹಾಕಿಸುತ್ತ ಅಂಗಳಕ್ಕೆ ಕರೆತರುತ್ತಿದ್ದಾರೆ. "ಎತ್ತೋಕೆ ಹೋದ್ರೆ ಸೊಂಟ ಹೋಗತ್ತೆ. ನಡೆಸಿದ್ರೆ ಅದೇ ಬರತ್ತೆ," ಎನ್ನುತ್ತಾರೆ. ಟೆಂಪೋದ ಸೀಟಿನಲ್ಲಿ ಕುಳಿತ ಗಂಡ ಸುಮ್ಮನಿರಬೇಕಲ್ಲ. "ಮದುವೆ ಆದಾಗಿಂದ ನನ್ನನ್ನೂ ಹಿಂಗೇ ನಡೆಸ್ತಿದಾಳೆ," ಎಂದು ಸೇರಿಸುತ್ತಾರೆ.

ಮನೆ ಮಾರಿದವರು ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಬೇಡದ್ದು ಹಿಂದೆ ಉಳಿಯುತ್ತದೆ. ಬಾಗಿಲು ಮುಚ್ಚದ ಬೀರು, ತಿರುಗದ ಫ್ಯಾನು, ಒಣಗಿ ಕಲ್ಲಾದ ಬಣ್ಣದ ಡಬ್ಬ, ಯಾವ ಬೀಗಕ್ಕೂ ಸೇರದ ಕೀಲಿಗೊಂಚಲು. ಕೊಂಡವರು ಬಾಗಿಲು ತೆಗೆದು ತಲೆಯ ಮೇಲೆ ಕೈ ಹೊತ್ತು ಕೂತಾಗ ಯಾರಾದರೂ ಖಾಲಿಯಕ್ಕನ ಫೋನ್ ನಂಬರು ಕೊಡುತ್ತಾರೆ. ಒಮ್ಮೆ ಒಂದು ಮನೆಯ ಕಿಟಕಿಯಲ್ಲಿ ಹಲ್ಲುಸೆಟ್ಟೇ ಸಿಕ್ಕಿತ್ತು. "ಹಲ್ಲು ಮರೆತು ಹೋದೋರು ಏನು ತಿಂತಿದಾರೋ ಅಂತ ಎರಡು ದಿನ ನಂಗೇ ಊಟ ಸೇರ್ಲಿಲ್ಲ," ಎಂದು ಖಾಲಿಯಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಮೊದಲು ಅವರು ನಾಲ್ಕಾರು ಮನೆಗಳಲ್ಲಿ ನೆಲ ಒರೆಸುತ್ತಿದ್ದರು. ಹೊಸದಾಗಿ ಮನೆ ಕೊಂಡವರೊಬ್ಬರು ಗುಡಿಸಲು ಕರೆದಾಗ ಹೋಗಿ ನೋಡಿದರೆ, ಪೊರಕೆ ಆಡಿಸಲು ನೆಲವೇ ಕಾಣಿಸಲಿಲ್ಲ. "ಮೊದ್ಲು ಖಾಲಿ ಮಾಡ್ತೀನಿ, ಆಮೇಲೆ ಗುಡಿಸ್ತೀನಿ," ಅಂದರು. ಹೆಸರು ಅಲ್ಲಿಂದ ಅಂಟಿಕೊಂಡಿತು. ಅದೇ ವರ್ಷ ಕಾರ್ಖಾನೆ ಮುಚ್ಚಿ ಗಂಡ ಮನೆ ಸೇರಿದ್ದರು. ಹಳೆಯ ಟೆಂಪೋ ಒಂದನ್ನು ಹಿಡಿದು ಇಬ್ಬರೂ ಇದಕ್ಕೇ ಇಳಿದರು. ಧೂಳಿಗೆ ಕೆಮ್ಮು ಹತ್ತಿತು, ಮಂಡಿ ಹೇಳಿದ ಮಾತು ಕೇಳದಾಯಿತು, ಜಾರಿ ಬಿದ್ದ ಕಪಾಟೊಂದು ಕಾಲ್ಬೆರಳಿನ ಉಗುರನ್ನೇ ಕಿತ್ತುಕೊಂಡಿತು. ವಾರಕ್ಕೆ ಎರಡು ಮನೆ ಸಿಕ್ಕರೆ ಸುಗ್ಗಿ, ಕೆಲವು ವಾರ ಒಂದೂ ಇಲ್ಲ. ಹಾಗೂ ಹೀಗೂ ಮಗಳ ಓದು ಮುಗಿಯಿತು.

ಕೆಲಸಕ್ಕೆ ಅವರದೇ ಒಂದು ಕ್ರಮವಿದೆ. ಯಾವುದನ್ನೂ ನೇರವಾಗಿ ಗುಜರಿಗೆ ಸಾಗಿಸುವುದಿಲ್ಲ. ಎಲ್ಲವನ್ನೂ ಕಾಂಪೌಂಡಿನ ಉದ್ದಕ್ಕೆ ಜೋಡಿಸುತ್ತಾರೆ. ಬೀದಿಯವರು ಬಂದು ಪುಕ್ಕಟೆ ಒಯ್ಯಬಹುದು. ಆದರೆ "ಎಲ್ಲಿ ಇಡ್ತೀರಾ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟೇ ಒಯ್ಯಬೇಕು. "ಎಲ್ಲೋ ಒಂದ್ಕಡೆ ಇಟ್ಕೋತೀವಿ" ಅಂದವರಿಗೆ ಒಂದು ಚಮಚವೂ ದಕ್ಕದು. "ಎಲ್ಲೋ ಅಂದ್ರೆ ಅಟ್ಟ ಅಂತ ಅರ್ಥ. ಹತ್ತು ವರ್ಷ ಬಿಟ್ಟು ಅವ್ರೂ ಮನೆ ಮಾರ್ತಾರೆ. ಅದೇ ಸಾಮಾನನ್ನ ಮತ್ತೆ ನಾನೇ ಇಳಿಸ್ಬೇಕು," ಎನ್ನುತ್ತಾರೆ ಖಾಲಿಯಕ್ಕ.

ಬಿಸಿಲು ಏರುವಷ್ಟರಲ್ಲಿ ಮೂಲೆಮನೆ ಖಾಲಿಯಾಗಿದೆ. ಕೊಂಡಾಕೆ ಬಂದು ಕೋಣೆ ಕೋಣೆಯಲ್ಲೂ ಖುಷಿಯಿಂದ ಓಡಾಡಿ ಅಡುಗೆಮನೆಗೆ ಹೋಗುತ್ತಾರೆ. ಹೊರಗೆ ಬರುವಾಗ ಮುಖದಲ್ಲಿ ರಕ್ತವೇ ಇಲ್ಲ.

"ಅಕ್ಕಾ, ಒಲೆ ಹತ್ರ ಒಂದು ಮರದ ಪೆಟ್ಟಿಗೆ ಇತ್ತಲ್ಲ?"

ಇತ್ತು. ಹಸಿರು ಬಣ್ಣ ಸುಲಿದು ಕೆಳಗಿನ ನೀಲಿ ಕಾಣುತ್ತಿತ್ತು. ಒಂದು ಪಕ್ಕಕ್ಕೆ ತಗಡು ಇಟ್ಟು ಮೊಳೆ ಹೊಡೆದಿತ್ತು. ಬೆಳಗ್ಗೆಯೇ ಒಬ್ಬರು ಅದನ್ನು ಒಯ್ದಾಗಿತ್ತು.

"ಅದು ನಮ್ಮದು. ನಿನ್ನೆ ಅತ್ತೆ ತಾವೇ ಹೊತ್ತು ತಂದಿಟ್ಟಿದ್ದು."

ಅತ್ತೆ ತುಂಬ ಕುಳ್ಳಗಂತೆ. ಮದುವೆಯಾದ ಹೊಸತರಲ್ಲಿ ಒಲೆಯ ಮೇಲಿನ ಪಾತ್ರೆಯೊಳಗೆ ಏನಿದೆಯೆಂದೇ ಕಾಣುತ್ತಿರಲಿಲ್ಲವಂತೆ. ಅವರ ತಂದೆ ಈ ಪೆಟ್ಟಿಗೆ ಮಾಡಿಕೊಟ್ಟರು. ಎಷ್ಟೋ ಬಾಡಿಗೆ ಮನೆ ಬದಲಾದರೂ ಅದರ ಮೇಲೆ ನಿಂತೇ ಅಡುಗೆ. ಇದು ಅವರ ಮೊದಲ ಸ್ವಂತ ಮನೆ. ಒಲೆ ತಾವೇ ಹಚ್ಚಬೇಕೆಂದು ಸಾಮಾನಿನ ಲಾರಿಗಿಂತ ಮೊದಲೇ ಅದನ್ನು ತಂದಿಟ್ಟು ಹೋಗಿದ್ದರು. ಇನ್ನೇನು ಬಂದುಬಿಡುತ್ತಾರೆ.

ಖಾಲಿಯಕ್ಕ ಕೈಲಿದ್ದ ಪೊರಕೆ ಕೆಳಗಿಡುತ್ತಾರೆ. ಮನೆಯವರದೇ ಸಾಮಾನನ್ನು ಹಂಚಿದ್ದು ಇದೇ ಮೊದಲು. "ಹೊಸ ಮನೆಗೆ ಬರೋರು ಹೊಸದನ್ನೇ ತರ್ತಾರೆ ಅಂದ್ಕೊಂಡೆ. ಒಂದ್ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ," ಎನ್ನುವಾಗ ಕಣ್ಣಲ್ಲಿ ನೀರಾಡುತ್ತದೆ. ಪುಣ್ಯಕ್ಕೆ ಯಾರಿಗೆ ಕೊಟ್ಟೆ ಎಂಬುದು ಮರೆತಿಲ್ಲ. ತಿರುವಿನ ಕ್ಷೌರದಂಗಡಿಯವರು "ಕುರ್ಚಿ ಮೇಲೆ ಇಡ್ತೀನಕ್ಕ, ಚಿಕ್ಕ ಮಕ್ಕಳನ್ನ ಕೂರ್ಸೋಕೆ" ಎಂದು ಒಯ್ದಿದ್ದರು.

ಅಷ್ಟರಲ್ಲಿ ಅತ್ತೆಯೇ ಬಂದಿಳಿಯುತ್ತಾರೆ. ವಿಷಯ ಕೇಳಿ ರೇಗುತ್ತಾರೆ ಎಂದುಕೊಂಡರೆ, ಕೈಚೀಲವನ್ನು ಸೊಸೆಗೆ ಕೊಟ್ಟು "ನಡೀರಿ" ಎಂದು ಮುಂದೆ ನಡೆದೇಬಿಡುತ್ತಾರೆ. ಖಾಲಿಯಕ್ಕನಿಗೂ ಸೊಸೆಗೂ ಅವರ ಹಿಂದೆ ಓಡುವುದೇ ಆಗುತ್ತದೆ.

ಅಂಗಡಿಯಲ್ಲಿ ಕುರ್ಚಿಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕೊರಳಿಗೆ ಬಟ್ಟೆ ಸುತ್ತಿಕೊಂಡ ಒಂದು ಪೋರ. ಅರ್ಧ ತಲೆ ನುಣ್ಣಗಿದೆ, ಇನ್ನರ್ಧ ಪೊದೆ. ಕನ್ನಡಿಯಲ್ಲಿ ತನ್ನ ಇಡೀ ಮುಖ ಕಾಣುವ ಸಂಭ್ರಮಕ್ಕೆ ಅಳುವುದನ್ನೇ ಮರೆತಿದ್ದಾನೆ. "ಈಗ ಇಳಿಸಿದ್ರೆ ಇವ್ನ ಅಮ್ಮ ನನ್ನ ತಲೆ ತೆಗೀತಾಳೆ," ಎಂದು ಅಂಗಡಿಯವರು ಕತ್ತರಿ ಹಿಡಿದೇ ಗೋಗರೆಯುತ್ತಾರೆ. ಸರಿ, ಮೂವರೂ ಬೆಂಚಿನ ಮೇಲೆ ಕೂತು ಕಾಯುತ್ತಾರೆ. ಅತ್ತೆಯ ಕಾಲು ನೆಲ ಮುಟ್ಟುತ್ತಿಲ್ಲ.

ಪೋರ ಇಳಿದ ಮೇಲೆ ಅಂಗಡಿಯವರು ಮೆಲ್ಲಗೆ ರಾಗ ತೆಗೆಯುತ್ತಾರೆ. "ಅಮ್ಮಾ, ಮಕ್ಕಳು ಎಷ್ಟು ಚೆನ್ನಾಗಿ ಕೂರ್ತಾರೆ ನೋಡಿದ್ರಲ್ಲ. ಇದು ಇಲ್ಲೇ ಇದ್ರೆ..."

"ಮಕ್ಕಳು ಬೆಳೀತಾರಪ್ಪ," ಎನ್ನುತ್ತಾರೆ ಅತ್ತೆ. "ನಾನು ಇನ್ನೆಲ್ಲಿ ಬೆಳೀಲಿ? ಕೊಡು ಇಲ್ಲಿ."

ಅಂಗಡಿಯವರೇ ಮೊದಲು ನಕ್ಕಿದ್ದು. ಖಾಲಿಯಕ್ಕ ಗಂಡನಿಗೆ ಫೋನ್ ಮಾಡಿ ಬೀರುವಿನ ಎಳೆಯುವ ಖಾನೆಯೊಂದನ್ನು ತರಿಸುತ್ತಾರೆ. ಮಗುಚಿ ಹಾಕಿದರೆ ಅದೂ ಕುರ್ಚಿಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಪೆಟ್ಟಿಗೆಯನ್ನು ಮಾತ್ರ ಖಾಲಿಯಕ್ಕ ಯಾರ ಕೈಗೂ ಕೊಡದೆ ತಾವೇ ಹೊತ್ತು ತಂದು ಒಲೆಯ ಬುಡದಲ್ಲಿಡುತ್ತಾರೆ.

ಅತ್ತೆ ಅದರ ಮೇಲೆ ಹತ್ತಿ ನಿಂತು ಒಲೆ ಹಚ್ಚುತ್ತಾರೆ. ಈಗ ಅವರು ಸೊಸೆಗಿಂತ ಎತ್ತರ. "ಟೀ ಕುಡಿದೇ ಹೋಗ್ಬೇಕು," ಎಂದು ಅಲ್ಲಿಂದಲೇ ಅಪ್ಪಣೆ ಮಾಡುತ್ತಾರೆ. ಕೆಲಸ ಮುಗಿಸಿ, ಕೀಲಿ ಕೊಟ್ಟು, ಬರಿದಾದ ಮನೆಗೆ ಬೆನ್ನು ಹಾಕಿ ಹೊರಡುವುದು ಖಾಲಿಯಕ್ಕನ ರೂಢಿ. ಇವತ್ತು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಹೊರಗೆ ಗಂಡ ಟೆಂಪೋದ ಹಾರ್ನು ಒತ್ತುತ್ತಿದ್ದಾರೆ. ಇನ್ನೊಂದು ಮನೆಯವರು ಕಾಯುತ್ತಿದ್ದಾರೆ.

ಬದುಕಿನಲ್ಲಿ ಏನಾದರೂ ಆಸೆ ಇದೆಯೇ ಎಂದು ಸೊಸೆ ಕೇಳಿದರೆ ಖಾಲಿಯಕ್ಕ ಲೋಟದ ಹಬೆಯನ್ನು ಊದುತ್ತಾರೆ.

"ನಾನು ಖಾಲಿ ಮಾಡಿದ ಮನೇಲಿ ಜನ ಇರೋದನ್ನ ಒಂದ್ಸಲ ನೋಡ್ಬೇಕು ಅಂತಿತ್ತು. ಇವತ್ತು ನೋಡ್ದೆ," ಎನ್ನುತ್ತಾರೆ. ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮಾ, ಇನ್ನೊಂದು ಲೋಟ ಟೀ ಇದ್ರೆ ಕೊಡಿ. ಹೊರಗೆ ಹಾರ್ನ್ ಹೊಡೀತಿದಾರಲ್ಲ, ಅವ್ರನ್ನೂ ಒಳಗೆ ಕರೀತೀನಿ."