ಬಾಗಿಲ ಹೊರಗೆ ಇಟ್ಟ ನೀರಿನ ಕೊಡ

ರೋಣದ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ಈ ವರ್ಷ ನಿವೃತ್ತರಾಗುತ್ತಿರುವ ಪ್ರೊ. ಸುಧಾರಾಣಿಯವರು ಪ್ರಾಚೀನ ಗ್ರೀಕ್ ನಾಟಕವನ್ನು ಈ ಸೀಮೆಯ ಮಕ್ಕಳಿಗೆ ಮನೆಯ ಮಾತಿನಷ್ಟು ಹತ್ತಿರ ಮಾಡಿಕೊಟ್ಟವರು. ಪುಸ್ತಕ ತೆರೆದು ಸಾಲು ಸಾಲಿಗೆ ಅರ್ಥ ಹೇಳುವ ಅಧ್ಯಾಪಕರು ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಆದರೆ ಆ ನಾಟಕವನ್ನು ಆಡಿದ ಜನ ಯಾವ ದೇವರಿಗೆ ಕೈ ಮುಗಿದರು, ಏನು ಉಂಡರು, ಅವರ ಹೆಣ್ಣುಮಕ್ಕಳು ಏನು ನೇಯ್ದರು, ಸತ್ತವರನ್ನು ಹೇಗೆ ಕಳಿಸಿಕೊಟ್ಟರು ಎಂಬುದನ್ನು ತಿಳಿಯದೆ ಮೊದಲ ಪುಟವನ್ನು ತೆರೆಯಕೂಡದೆಂದು ಹಟ ಹಿಡಿದು, ಆ ಹಟವನ್ನು ಕೊನೆಯ ದಿನದವರೆಗೂ ಸಾಧಿಸಿದವರು ವಿರಳ.

ಇದನ್ನು ಹತ್ತಿರದಿಂದ ಕಂಡವರು ಗ್ರಂಥಾಲಯದ ಸಹಾಯಕರಾಗಿದ್ದ ಫಕ್ಕೀರಪ್ಪನವರು. ಗಜೇಂದ್ರಗಡದ ನೇಕಾರ ಮನೆತನದ ಅವರು ಮಗ್ಗ ಬಿಟ್ಟು ಕಾಲೇಜು ಸೇರಿದರು; ಹೆಂಡತಿ ಅನ್ನವ್ವ ಮಾತ್ರ ಮಗ್ಗ ಬಿಡಲಿಲ್ಲ. ಸುಧಾರಾಣಿಯವರು ಬಂದ ವರ್ಷವೇ, ಯಾರೂ ಮುಟ್ಟದಿದ್ದ ಹಳೆಯ ಗ್ರೀಕ್ ಮನೆಗಳ ಚಿತ್ರದ ಪುಸ್ತಕವೊಂದನ್ನು ಧೂಳು ಒರೆಸಿ ಅವರ ಕೈಗೆ ಕೊಟ್ಟವರು ಫಕ್ಕೀರಪ್ಪನವರು. ಅಂದಿನಿಂದ ಗ್ರಂಥಾಲಯದ ಕಿಟಕಿಯಿಂದ ಆ ತರಗತಿಯ ಪಾಠ ಕೇಳುವುದು ಅವರಿಗೆ ರೂಢಿಯಾಯಿತು.

ಜವೆಗೋದಿಯ ರೊಟ್ಟಿ, ಅಂಜೂರ, ದ್ರಾಕ್ಷಾರಸದ ದೇವರು ಡಯೊನಿಸಸನ ಹಬ್ಬದಲ್ಲಿ ನಡೆಯುತ್ತಿದ್ದ ನಾಟಕ, ರಂಗದ ನಡುವಿನ ಬಲಿಪೀಠ, ಇವುಗಳಲ್ಲಿಯೇ ಒಂದು ತಿಂಗಳು ಕಳೆದಾಗ ನರೇಗಲ್ಲಿನ ಬಸ್ಯಾ ಎಂಬ ಹುಡುಗ ಎದ್ದು ನಿಂತ.

"ಮೇಡಂ, ಇದು ಪರೀಕ್ಷಾಕ್ಕ ಬರತೈತೇನ್ರಿ?"

"ಬರೂದಿಲ್ಲಪಾ. ಆದ್ರ ಅವರು ಉಂಡದ್ದ ಗೊತ್ತಿಲ್ದ ಅವರ ಉಪಾಸ ನಿನಗ ಹ್ಯಾಂಗ ಗೊತ್ತಾಗಬೇಕು?"

ತರಗತಿಯೆಲ್ಲ ನಕ್ಕಿತು. ಆ ಬಸ್ಯಾ ಈಗ ತಾನೂ ಅಧ್ಯಾಪಕನಾಗಿ, ಮೊದಲ ತಿಂಗಳು ಪುಸ್ತಕ ತೆರೆಯದೆ ಪಾಠ ಮಾಡುತ್ತಾನೆ.

ಅಥೆನ್ಸಿನ ಹೆಣ್ಣುಮಕ್ಕಳು ತಮ್ಮ ನಗರದೇವತೆಗೆ ತಿಂಗಳುಗಟ್ಟಲೆ ವಸ್ತ್ರ ನೇಯ್ದು ಮೆರವಣಿಗೆಯಲ್ಲಿ ಒಪ್ಪಿಸುತ್ತಿದ್ದರು. ಈ ಪಾಠ ಬಂದಾಗ ಸುಧಾರಾಣಿಯವರು ಮಕ್ಕಳನ್ನು ಬಸ್ಸು ಹತ್ತಿಸಿ ಅನ್ನವ್ವನ ಮಗ್ಗದ ಮುಂದೆ ಕೂರಿಸಿದರು. ಅನ್ನವ್ವ ಎಲ್ಲವನ್ನೂ ಕೇಳಿ, ಲಾಳಿ ನಿಲ್ಲಿಸಿ, "ಅಂಚ ಯಾವ ಬಣ್ಣದ್ದಿತ್ರಿ ಅಕ್ಕಾರ?" ಎಂದಳು. ಅಧ್ಯಾಪಕಿಗೆ ಉತ್ತರ ತಿಳಿದಿರಲಿಲ್ಲ. ಬೇರೆಯವರಾಗಿದ್ದರೆ ನಕ್ಕು ಮಾತು ಮರೆಸುತ್ತಿದ್ದರು. ಸುಧಾರಾಣಿಯವರು ಧಾರವಾಡಕ್ಕೆ ಹೋಗಿ ಪುಸ್ತಕಗಳನ್ನು ಹುಡುಕಿ, ಮುಂದಿನ ರವಿವಾರ ಅದೊಂದೇ ಕೆಲಸಕ್ಕೆ ಮತ್ತೆ ಗಜೇಂದ್ರಗಡಕ್ಕೆ ಬಂದರು. "ಅಂಚಿಂದು ಪುಸ್ತಕದಾಗ ಬರದಿಲ್ಲವ್ವಾ. ವಸ್ತ್ರ ಕೇಸರಿ ಇತ್ತಂತ, ನೇರಳಿ ಬಣ್ಣಾನೂ ಇತ್ತಂತ." ಅನ್ನವ್ವ ಆ ಎರಡು ಬಣ್ಣದ ನೂಲು ಜೋಡಿಸಿ ನೋಡಿ, "ಚಲೋ ಕೂಡತೈತ್ರಿ" ಎಂದು ಒಪ್ಪಿಗೆ ಕೊಟ್ಟಳು. ಅಂದಿನಿಂದ ಆ ಇಬ್ಬರಿಗೆ ಗೆಳೆತನ.

ಮಹಾತ್ಮರಲ್ಲಿಯೂ ತಪ್ಪು ಉಂಟು. ಒಪ್ಪಿಕೊಳ್ಳುವ ರೀತಿಯಲ್ಲಿ ಅವರ ಹಿರಿಮೆ ಕಾಣುತ್ತದೆ. ಒಂದು ವರ್ಷ ವಿದ್ಯಾರ್ಥಿಗಳು ಗ್ರೀಕ್ ಪದ್ಧತಿಯಲ್ಲಿ ತಾವೇ ಒಂದು ನಾಟಕ ಕಟ್ಟಿದರು. ಊರಿನ ಮುದಿರಾಣಿ ತೀರಿಕೊಳ್ಳುತ್ತಾಳೆ. ಹೆಂಗಸರ ಮೇಳ ಆಕೆಯ ಸಮಾಧಿಗೆ ಹಾಲು, ಜೇನು, ನೀರು ಎರೆದು ಹಾಡಿಕೊಂಡು ಅಳುತ್ತದೆ. ನಾಟಕಕ್ಕೆ ಜೀವ ಆ ದೃಶ್ಯವೇ. ಅಳು ಕಲಿಸಿಕೊಡಬೇಕೆಂದು ಸುಧಾರಾಣಿಯವರು, ಸಾವಿನ ಮನೆಯಲ್ಲಿ ಹಾಡಿ ಅಳುವ ರೂಢಿ ಬಲ್ಲ ಅನ್ನವ್ವನನ್ನು ಬೇಡಿದರು.

"ಅದೊಂದ ಕೇಳಬ್ಯಾಡ್ರಿ ಅಕ್ಕಾರ. ಅಳೂದು ಹೆಸರಿನ ಮ್ಯಾಲ ಹುಟ್ಟತೈತಿ. ಬದಕಿದ್ದವರ ಹೆಸರ ತಗೊಳ್ಳಾಕ ಬರೂದಿಲ್ಲ. ಸತ್ತವರನ್ನ ಸುಮ್ ಸುಮ್ನ ಎಬ್ಬಸಬಾರದು." ಸುಧಾರಾಣಿಯವರ ಮುಖ ಸಣ್ಣದಾದದ್ದನ್ನು ಕಂಡು ಅನ್ನವ್ವ ನಕ್ಕಳು. "ನಾ ಸತ್ತ ಮ್ಯಾಲ ನನ್ನ ಹೆಸರ ತಗೊಂಡ ಅಳ್ರಿ. ನಾ ಏನ ಎದ್ದ ಬಂದ ಜಗಳಾ ತಗಿಯೂದಿಲ್ಲ."

"ಹಂಗ ಅಶುಭ ಮಾತಾಡಬ್ಯಾಡ" ಎಂದು ಫಕ್ಕೀರಪ್ಪನವರು ಗದರಿದರು.

ಹುಡುಗಿಯರು ತಮಗೆ ತೋಚಿದಂತೆ ಬಿಕ್ಕಿದರು. ರಾಣಿಯ ಗ್ರೀಕ್ ಹೆಸರು ಅವರ ನಾಲಗೆಗೆ ತೊಡರುತ್ತದೆಂದು ಅಧ್ಯಾಪಕಿ ಅದನ್ನೂ ತೆಗೆದುಹಾಕಿದರು. ನರಗುಂದದ ನಾಟಕ ಸ್ಪರ್ಧೆಯಲ್ಲಿ ಪರದೆ ಎದ್ದು, ಮೇಳ ಸುಂದರವಾಗಿ ಅಳತೊಡಗಿದಾಗ ಮುಂದಿನ ಸಾಲಿನ ಮುದುಕಿಯೊಬ್ಬಳು ಕೂಗಿದಳು: "ಯಾರ ಸತ್ತಾರಬೇ? ಹೆಸರ ಹೇಳಿ ಅಳ್ರಿ! ಬೆಕ್ಕ ಮರಿ ಕಳಕೊಂಡಂಗ ಮಾಡಬ್ಯಾಡ್ರಿ!"

ಮಂಟಪವೆಲ್ಲ ನಕ್ಕಿತು. ಮರುದಿನ ತರಗತಿಯಲ್ಲಿ ಸುಧಾರಾಣಿಯವರು ಕೂಡಲೇ ಹೇಳಿದರು: "ನಿಮ್ಮದೇನೂ ತಪ್ಪಿಲ್ಲ. ಗ್ರೀಕರೂ ಸತ್ತವರನ್ನ ಹೆಸರ ಹಿಡಿದ ಕರದ ಅಳತಿದ್ರು. ನಾ ಅದನ್ನ ಪಾಠದಾಗ ಹೇಳಿದ್ನಿ, ನಾಟಕದಾಗ ಮರತ್ನಿ." ಆಮೇಲೆ ಹದಿನೇಳು ವರ್ಷ ಆ ನಾಟಕ ಎಷ್ಟೋ ಸಲ ನಡೆಯಿತು. ಕಟ್ಟಿದ ಹೆಸರಿನ ಮೇಲೆ ಅಳು ಹುಟ್ಟದೆಂದು, ಅಳುವ ದೃಶ್ಯ ಬಂದಾಗ ಮೇಳ ತಲೆ ಬಾಗಿಸಿ ಸುಮ್ಮನೆ ನಿಲ್ಲುತ್ತಿತ್ತು. ನಿವೃತ್ತಿಯಾಗುವ ಮುನ್ನ ಒಮ್ಮೆಯಾದರೂ ಆ ದೃಶ್ಯವನ್ನು ಪೂರ್ತಿಯಾಗಿ ಕಾಣಬೇಕೆಂಬುದು ಅವರ ಆಸೆ. ಅದನ್ನು ಅನ್ನವ್ವನ ಮುಂದೆ ಮತ್ತೆಂದೂ ಆಡಲಿಲ್ಲ.

ಕಳೆದ ಶ್ರಾವಣದಲ್ಲಿ ಅನ್ನವ್ವ ಶಿವನ ಪಾದ ಸೇರಿದಳು. ಸುಧಾರಾಣಿಯವರು ಬಂದು ಹೆಂಗಸರ ನಡುವೆ ಕುಳಿತರು. ಅನ್ನವ್ವನ ಅಕ್ಕ ಕರಿಯವ್ವ ತಂಗಿಯ ಹೆಸರು ಹಿಡಿದು, ಮಗ್ಗವನ್ನು ಕರೆದು, ಬಾಳೆಲ್ಲವನ್ನೂ ಹಾಡಿ ಅತ್ತಳು. ಎಲ್ಲಿ ಹೋದರೂ ಕೈಯಲ್ಲಿರುತ್ತಿದ್ದ ಟಿಪ್ಪಣಿಯ ಪುಸ್ತಕ ಆ ದಿನ ಅಧ್ಯಾಪಕಿಯ ಕೈಯಲ್ಲಿರಲಿಲ್ಲ. ಫಕ್ಕೀರಪ್ಪನವರು ಆ ದುಃಖದಲ್ಲಿಯೂ ಇದನ್ನು ಗಮನಿಸಿದರು.

ಆರು ತಿಂಗಳು ಅವರು ಮಗ್ಗದ ಕೋಣೆಯ ಬಾಗಿಲು ತೆರೆಯಲಿಲ್ಲ. ಪೂಜೆಗೆ ಕುಳಿತಾಗಲೆಲ್ಲ, ಸತ್ತ ಮೇಲೆ ತನ್ನ ಹೆಸರು ಹಿಡಿದು ಅಳಿರೆಂದು ಹೆಂಡತಿ ನಕ್ಕು ಆಡಿದ ಆ ಮಾತು ನೆನಪಾಗುತ್ತಿತ್ತು. ಆಕೆ ಕೊಟ್ಟ ಮಾತನ್ನು ನಡೆಸದೆ ಆಕೆಯನ್ನು ಕಳಿಸಿದಂತಾಯಿತಲ್ಲ ಎಂಬ ಕೊರಗು. ಮಾಘ ಮಾಸದಲ್ಲಿ ಅವರು ಕರಿಯವ್ವನನ್ನು ಕರೆದುಕೊಂಡು ಕಾಲೇಜಿಗೆ ಬಂದರು.

"ಅಕ್ಕಾರ, ಈಗ ಹೆಸರೈತ್ರಿ. ಅಳಸ್ರಿ."

ಸುಧಾರಾಣಿಯವರು ಇಬ್ಬರನ್ನೂ ಕೂರಿಸಿದರು. "ನಾಟಕಕ್ಕ ನಿಮ್ಮ ದುಃಖಾ ತಗೊಳ್ಳಾಕ ನನಗ ಮನಸ ಬರೂದಿಲ್ಲ ಫಕ್ಕೀರಪ್ಪಣ್ಣಾರ."

"ನೀವ ಎಲ್ಲಿ ತಗೋತೀರಿ? ಆಕೀನ ಕೊಟ್ಟ ಹೋಗ್ಯಾಳ. ಒಂದ ಮಾತ್ರ. ಅತ್ತ ಮ್ಯಾಲ ಹುಡುಗೂರು ಕೈಕಾಲ ತೊಳಕೊಂಡ ಮನಿಗೆ ಹೋಗಬೇಕ್ರಿ."

ಗ್ರೀಕರ ಊರಲ್ಲಿಯೂ ಸಾವಾದ ಮನೆಯ ಬಾಗಿಲ ಹೊರಗೆ ನೀರಿನ ಪಾತ್ರೆ ಇಡುತ್ತಿದ್ದರು, ಹೊರಬಂದವರು ಅದರಿಂದ ಶುದ್ಧಿ ಮಾಡಿಕೊಳ್ಳುತ್ತಿದ್ದರು ಎಂದು ಸುಧಾರಾಣಿಯವರು ಮೂವತ್ತೆರಡು ವರ್ಷ ಪಾಠ ಹೇಳಿದ್ದರು. "ಇಡತೀನ್ರಿ" ಎಂದರು, ಅಷ್ಟೆ.

ಕರಿಯವ್ವ ಹದಿನೈದು ದಿನ ಹುಡುಗಿಯರಿಗೆ ಹೇಳಿಕೊಟ್ಟಳು. ನಾಟಕದ ದಿನ ರೋಣದ ಸಭಾಂಗಣ ತುಂಬಿತ್ತು. ಮುದಿರಾಣಿಗೆ ಅನ್ನವ್ವನ ಹೆಸರನ್ನೇ ಇಟ್ಟಿದ್ದರು. ಅನ್ನವ್ವ ಕೊನೆಗೆ ನೇಯ್ದ ಸೀರೆಯನ್ನು ಸಮಾಧಿಗೆ ಹೊದಿಸಿದ್ದರು. ಮೇಳದ ಮುಂದೆ ನಿಂತ ಬೆಳವಣಕಿಯ ಕವಿತಾ ಹಾಲು ಎರೆದು ದನಿ ಎತ್ತಿದಳು: "ಎದ್ದ ಮಾತಾಡಬೇ ನನ್ನವ್ವ ಅನ್ನವ್ವಾ, ನಿನ್ನ ಲಾಳಿ ನಿಂತ ಕೇಳತೈತಿ..." ಒಬ್ಬರೂ ನಗಲಿಲ್ಲ. ಫಕ್ಕೀರಪ್ಪನವರು ಮೊದಲ ಸಾಲಿನಲ್ಲಿ ಕುಳಿತು, ಶ್ರಾವಣದಲ್ಲಿ ಬಾರದ ಕಣ್ಣೀರನ್ನು ಆ ದಿನ ಧಾರಾಳವಾಗಿ ಸುರಿಸಿದರು.

ನಾಟಕ ಮುಗಿಯಿತು. ಮೇಳದ ಹುಡುಗಿಯರಿಗೆಂದು ಬಾಗಿಲ ಹೊರಗೆ ತಾಮ್ರದ ಕೊಡದಲ್ಲಿ ನೀರು ಇಡಲಾಗಿತ್ತು. ಅವರಿಗಿಂತ ಮೊದಲು ಹೊರಬಂದ ಜನ ಯಾರೂ ಹೇಳದೆಯೇ ಸಾಲುಗಟ್ಟಿ ನಿಂತು ಕೈಕಾಲು ತೊಳೆದುಕೊಂಡರು. ಕೊಡ ಬರಿದಾಯಿತು. ಸುಧಾರಾಣಿಯವರು ತಾವೇ ಅದನ್ನು ಎತ್ತಿಕೊಂಡು ನಲ್ಲಿಗೆ ಹೋಗಿ ಮತ್ತೆ ತುಂಬಿ ತಂದರು. ಮೂರು ಸಲ ತುಂಬಿದರು. ಮನೆಗೆ ಹೋದ ಫಕ್ಕೀರಪ್ಪನವರು ಮರುದಿನ ಮುಂಜಾನೆ ಮಗ್ಗದ ಕೋಣೆಯ ಬಾಗಿಲು ತೆರೆದರು.

ಪಾಠ ಮಾಡಿದವರನ್ನು ಊರು ನೆನೆಯುವುದು ಸಹಜ. ಹೇಳಿದ ಪಾಠವನ್ನು ಊರೇ ಎದ್ದು ಆಚರಿಸಿದ್ದನ್ನು ಕಣ್ಣಾರೆ ಕಂಡು ನಿವೃತ್ತರಾಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಶಿವನು ಸುಧಾರಾಣಿಯವರಿಗೆ ನೂರು ವರ್ಷದ ಆಯುಷ್ಯವನ್ನೂ, ಕೊಡ ಎತ್ತುವ ಕಸುವನ್ನೂ ಕೊಡಲಿ. ಗಜೇಂದ್ರಗಡದ ಆ ಮಗ್ಗದ ಮುಂದೆ ಅವರಿಗಾಗಿ ಒಂದು ಮಣೆ ಹಾಕಿದೆ. ಪಾಠ ಅಲ್ಲಿ ಮುಂದುವರಿಯಲಿ.